ವ್ಯಾಪಾರ ಕುದುರಿತು, ವರ್ತನೆ ಯಾರದು?

ಹಾಲು, ಹೂವು ಮಾರುವವರ ಬಾಯಲ್ಲಿ ಇಂದಿಗೂ ಉಳಿದಿರುವ ಒಂದು ಮಾತು ‘ವರ್ತನೆ’. ಬೀದಿಯಲ್ಲಿ ಹೋಗುವವರು ಯಾರೋ ಒಂದು ಮೊಳ ಹೂ ಕೊಂಡರೆ ಅದು ವ್ಯಾಪಾರ. ಇಂಥ ಮನೆಗೆ ದಿನಾ ಒಂದು ಮೊಳ ಎಂದು ಗೊತ್ತಾದರೆ ಅದು ವರ್ತನೆ. ಆ ಮನೆಯ ಬಾಗಿಲು ಹೂವಿನಾಕೆಗೆ ಗೊತ್ತು, ಆಕೆ ಬರುವ ಹೊತ್ತು ಮನೆಯವರಿಗೆ ಗೊತ್ತು. ಮಳೆ ಹಿಡಿದ ದಿನ ಬೀದಿ ವ್ಯಾಪಾರ ನಿಂತರೂ ವರ್ತನೆ ನಿಲ್ಲುವುದಿಲ್ಲ. ಆನ್‌ಲೈನ್‌ನಲ್ಲಿ ಮಾರಲು ಹೊರಟ ಸಣ್ಣ ಉತ್ಪಾದಕರು ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋಗಳಲ್ಲಿ ಸೆಲ್ಲರ್ ಆಗುವುದೋ ತಮ್ಮದೇ ವೆಬ್‌ಸೈಟ್ ತೆರೆಯುವುದೋ ಎಂದು ಯೋಚಿಸುವಾಗ ಸಾಮಾನ್ಯವಾಗಿ ಕಮಿಷನ್ ಲೆಕ್ಕ ಹಿಡಿದು ಕೂರುತ್ತಾರೆ. ಅಲ್ಲಿ ನೂರಕ್ಕೆ ಇಷ್ಟು ಹೋಗುತ್ತದೆ, ಇಲ್ಲಿ ವೆಬ್‌ಸೈಟ್‌ಗೆ ಇಷ್ಟು ಖರ್ಚು, ಯಾವುದು ಕಡಿಮೆ? ನನಗೆ ಕಾಣುವಂತೆ ಆ ಪ್ರಶ್ನೆ ಎರಡನೆಯದು. ಮೊದಲು ಕೇಳಿಕೊಳ್ಳಬೇಕಾದದ್ದು, ನಿಮ್ಮ ಸರಕಿಗೆ ವರ್ತನೆ ಹುಟ್ಟಿಸುವ ಗುಣ ಇದೆಯೇ, ಇದ್ದರೆ ಆ ವರ್ತನೆ ಯಾರ ಪುಸ್ತಕದಲ್ಲಿ ದಾಖಲಾಗುತ್ತಿದೆ ಎಂಬುದು.

ಮಾರ್ಕೆಟ್‌ಪ್ಲೇಸ್‌ಗಳು ಮಾಡಿದ ಉಪಕಾರವನ್ನು ಮೊದಲೇ ಒಪ್ಪಿಕೊಂಡು ಮುಂದೆ ಹೋಗೋಣ. 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಪುಸ್ತಕದಂಗಡಿಯಾಗಿ ಶುರುವಾದಾಗ, ಮುಖ ನೋಡದ ಅಂಗಡಿಗೆ ಮುಂಗಡ ದುಡ್ಡು ಕಟ್ಟಲು ನಮ್ಮ ಜನ ಹಿಂಜರಿಯುತ್ತಿದ್ದರು. ಸರಕು ಬಾಗಿಲಿಗೆ ಬಂದಮೇಲೆ ನಗದು ಕೊಡಿ ಎಂಬ ಏರ್ಪಾಟು ಆ ಹಿಂಜರಿಕೆಯನ್ನು ಮುರಿಯಿತು. 2013ರಲ್ಲಿ ಅಮೆಜಾನ್ ಭಾರತಕ್ಕೆ ಬಂದಮೇಲೆ ಎರಡರ ಪೈಪೋಟಿಯಲ್ಲಿ ತಾಲ್ಲೂಕು ಕೇಂದ್ರ, ಹೋಬಳಿಗಳಿಗೂ ಪಾರ್ಸೆಲ್ ತಲುಪುವ ಜಾಲ ಬೆಳೆಯಿತು. ಇಷ್ಟವಾಗದಿದ್ದರೆ ವಾಪಸ್, ದುಡ್ಡು ಮರಳಿ ಖಾತೆಗೆ ಎಂಬ ಭರವಸೆ ನೆಲೆಯೂರಿತು. ಇಷ್ಟು ನಂಬಿಕೆಯನ್ನು ಇಳಕಲ್ಲಿನ ನೇಕಾರರೋ ಶಿರಸಿಯ ಉಪ್ಪಿನಕಾಯಿ ಮಾಡುವವರೋ ಒಬ್ಬೊಬ್ಬರಾಗಿ ಕಟ್ಟಲು ಆಗುತ್ತಿರಲಿಲ್ಲ. ಹೊಸಬರಿಗೆ ಮೊದಲ ನೂರು ಗಿರಾಕಿಗಳನ್ನು ತಂದುಕೊಡುವ ಶಕ್ತಿ ಇವತ್ತಿಗೂ ಈ ತಾಣಗಳಿಗೇ ಹೆಚ್ಚು.

ಆದರೆ ಆ ನೂರು ಗಿರಾಕಿಗಳು ಬಂದದ್ದು ಯಾರ ಮನೆಗೆ? ಪಾರ್ಸೆಲ್ ಒಂದನ್ನು ಕೈಗೆತ್ತಿಕೊಂಡು ನೋಡಿದರೆ ಉತ್ತರ ಸಿಗುತ್ತದೆ. ಡಬ್ಬದ ಮೇಲೆ ತಾಣದ ಹೆಸರು ಅಚ್ಚಾದ ಟೇಪು, ಬಾರ್‌ಕೋಡ್ ಇರುವ ಬಿಳಿ ಚೀಟಿ, ಆ ಚೀಟಿಯ ಮೂಲೆಯಲ್ಲಿ ಇರುವೆ ಅಕ್ಷರದಲ್ಲಿ ಮಾರಿದವರ ಹೆಸರು. ಕೊಂಡವರನ್ನು ‘ಎಲ್ಲಿಂದ ತರಿಸಿದಿರಿ’ ಎಂದು ಕೇಳಿ, ‘ಅಮೆಜಾನ್‌ನಿಂದ’, ‘ಫ್ಲಿಪ್‌ಕಾರ್ಟ್‌ನಿಂದ’ ಎನ್ನುತ್ತಾರೆ. ಕಾಫಿ ಬೀಜ ಹುರಿದವರ, ಸೀರೆ ನೇಯ್ದವರ ಹೆಸರು ಬಾಯಿಗೆ ಬರುವುದಿಲ್ಲ. ಕಾನೂನಿನ ಮಾತೇ ಬೇರೆ. ವಿದೇಶಿ ನೇರ ಹೂಡಿಕೆ ಇರುವ ತಾಣಗಳು ತಾವೇ ದಾಸ್ತಾನು ಇಟ್ಟು ಗ್ರಾಹಕರಿಗೆ ಮಾರುವಂತಿಲ್ಲ, ಅವು ಮಧ್ಯೆ ನಿಂತು ವ್ಯವಹಾರ ಕುದುರಿಸುವ ಮಾರುಕಟ್ಟೆ ಮಾತ್ರ ಎಂಬುದು ಭಾರತದ ನಿಯಮ. 2019ರ ಫೆಬ್ರವರಿಯಿಂದ ಅದನ್ನು ಇನ್ನಷ್ಟು ಬಿಗಿ ಮಾಡಲಾಯಿತು. ಅಂದರೆ ಕಾಗದದ ಮೇಲೆ ವ್ಯಾಪಾರಿ ನೀವೇ. ಆದರೂ ಕೊಂಡವರ ಫೋನ್ ನಂಬರು, ಇಮೇಲ್ ನಿಮಗೆ ಸಿಗುವುದಿಲ್ಲ, ಅವು ತಾಣದ ಹಿಂದೆ ಮರೆಯಾಗಿರುತ್ತವೆ. ಡಬ್ಬದೊಳಗೆ ‘ಮುಂದಿನ ಸಲ ನಮ್ಮ ವೆಬ್‌ಸೈಟ್‌ನಲ್ಲೇ ಕೊಳ್ಳಿ’ ಎಂಬ ಚೀಟಿ ಹಾಕಿದರೆ ಅಮೆಜಾನ್ ನಿಯಮದಂತೆ ಅದು ತಪ್ಪು, ಖಾತೆಗೇ ಕುತ್ತು ಬರಬಹುದು. ತಾಣ ಕಟ್ಟಲು ಕೋಟಿಗಟ್ಟಲೆ ಸುರಿದವರು ತಮ್ಮ ಗಿರಾಕಿಯನ್ನು ಕಾಯ್ದುಕೊಳ್ಳುವುದು ಅನ್ಯಾಯವೆಂದು ನಾನು ಹೇಳಲಾರೆ. ಆದರೆ ಅಲ್ಲಿ ಆಗುವ ಪ್ರತಿ ಮಾರಾಟವೂ ಅವರ ವರ್ತನೆಗೆ ಜಮಾ ಆಗುತ್ತದೆ ಎಂಬುದನ್ನು ಮಾರುವವರು ತಿಳಿದಿರಬೇಕು.

ಇದನ್ನು ರೂಪಾಯಿ ಪೈಸೆಯಲ್ಲೇ ನೋಡೋಣ. ಚಿಕ್ಕಮಗಳೂರಿನ ಒಂದು ಸಣ್ಣ ಘಟಕ ಅರ್ಧ ಕಿಲೋ ಫಿಲ್ಟರ್ ಕಾಫಿ ಪುಡಿಯನ್ನು 500 ರೂಪಾಯಿಗೆ ಮಾರುತ್ತದೆ ಎಂದಿಟ್ಟುಕೊಳ್ಳಿ. ಈ ಅಂಕಿಗಳು ವಿವರಣೆಗಾಗಿ ಹಾಕಿಕೊಂಡವು, ಓದುವವರು ಇವುಗಳ ಜಾಗದಲ್ಲಿ ತಮ್ಮವನ್ನು ಇಟ್ಟು ನೋಡಬೇಕು. ಮಾರ್ಕೆಟ್‌ಪ್ಲೇಸ್‌ನಲ್ಲಿ ನೂರಕ್ಕೆ 8ರಂತೆ ಕಮಿಷನ್ 40, ಪ್ರತಿ ಆರ್ಡರ್‌ಗೆ ನಿಗದಿ ಶುಲ್ಕ 25, ಸಾಗಣೆ 65, ಒಟ್ಟು 130. ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ ಸೇರಿದರೆ 153.40. ಹುಡುಕಾಟದ ಮೊದಲ ಸಾಲಿನಲ್ಲಿ ಕಾಣಿಸಿಕೊಳ್ಳಲು ಜಾಹೀರಾತಿಗೆ 50. ಕೈಗೆ ಉಳಿಯುವುದು 296.60, ಬೀಜ, ಹುರಿಗೂಲಿ, ಪೊಟ್ಟಣದ ಖರ್ಚೆಲ್ಲ ಅದರಲ್ಲೇ ಆಗಬೇಕು. ಸ್ವಂತ ವೆಬ್‌ಸೈಟ್‌ನಲ್ಲಿ ಪೇಮೆಂಟ್ ಗೇಟ್‌ವೇಗೆ ನೂರಕ್ಕೆ 2ರಂತೆ ತೆರಿಗೆ ಸೇರಿ 11.80, ಕೊರಿಯರ್‌ಗೆ 80. ಸಣ್ಣವರಿಗೆ ದೊಡ್ಡ ತಾಣದ ಸಾಗಣೆ ದರ ದಕ್ಕುವುದಿಲ್ಲ, ಅದಕ್ಕೇ ಇಲ್ಲಿ ಹೆಚ್ಚು. ತಿಂಗಳಿಗೆ 2,000 ರೂಪಾಯಿಯ ವೆಬ್‌ಸೈಟ್ ಖರ್ಚನ್ನು ನೂರು ಆರ್ಡರ್‌ಗೆ ಹಂಚಿದರೆ 20. ಹೊಸ ಗಿರಾಕಿಯೊಬ್ಬರನ್ನು ಇನ್‌ಸ್ಟಾಗ್ರಾಂ, ಗೂಗಲ್ ಜಾಹೀರಾತಿನಿಂದ ಕರೆತರಲು 180. ಉಳಿಯುವುದು 208.20. ಮೊದಲ ಆರ್ಡರ್‌ನಲ್ಲಿ ಸ್ವಂತ ಅಂಗಡಿ 88 ರೂಪಾಯಿಗೂ ಹೆಚ್ಚು ಹಿಂದೆ ಬಿತ್ತು. ಕಮಿಷನ್ ಉಳಿಸಲೆಂದು ವೆಬ್‌ಸೈಟ್ ಮಾಡಿಸಿದ ಬಹಳ ಜನ ಕೈಬಿಡುವುದು ಇಲ್ಲೇ.

ಅದೇ ಮನೆಯವರು ಮುಂದಿನ ತಿಂಗಳು ಮತ್ತೆ ಪುಡಿ ತರಿಸಿದರೆ ಲೆಕ್ಕ ಮಗುಚುತ್ತದೆ. ಸ್ವಂತ ವೆಬ್‌ಸೈಟ್‌ನಲ್ಲಿ ಎರಡನೇ ಸಲಕ್ಕೆ ಜಾಹೀರಾತಿನ 180 ಇಲ್ಲ. ಉಳಿಯುವುದು 388.20. ಎರಡು ಆರ್ಡರ್ ಸೇರಿಸಿ ನೋಡಿದರೆ ಮಾರ್ಕೆಟ್‌ಪ್ಲೇಸ್‌ನಲ್ಲಿ 593.20, ಸ್ವಂತದ್ದರಲ್ಲಿ 596.40. ಎರಡನೇ ಸಲಕ್ಕೇ ಸಮವಾಯಿತು. ವರ್ಷದ 12 ತಿಂಗಳು ಆ ಮನೆ ವರ್ತನೆಗೆ ಬಂದರೆ ಒಬ್ಬ ಗಿರಾಕಿಯಿಂದ 919 ರೂಪಾಯಿ ಹೆಚ್ಚು. ಮಾರ್ಕೆಟ್‌ಪ್ಲೇಸ್‌ನಲ್ಲೂ ಎರಡನೇ ಸಲಕ್ಕೆ ಜಾಹೀರಾತು ಬೇಕಿಲ್ಲವಲ್ಲ, ಹಳೇ ಆರ್ಡರ್ ಪಟ್ಟಿಯಿಂದಲೇ ಕೊಳ್ಳುತ್ತಾರಲ್ಲ ಎಂದು ಯಾರಾದರೂ ಹೇಳಬಹುದು. ಸರಿ, ಆ ಖರ್ಚನ್ನೂ ತೆಗೆದುಬಿಡೋಣ. ಆಗಲೂ ವರ್ಷಕ್ಕೆ 369 ರೂಪಾಯಿ ಸ್ವಂತ ಅಂಗಡಿಯ ಕಡೆಗೇ ಉಳಿಯುತ್ತದೆ. ಆದರೆ ಆ ಗಿರಾಕಿ ಎರಡನೇ ಸಲ ನಿಮ್ಮ ಪುಡಿಯನ್ನೇ ಹುಡುಕಿ ಬರುವಾಗ ನಿಮ್ಮ ಹೆಸರಿನ ಮೇಲೆ, ಕೆಳಗೆ, ಪಕ್ಕದಲ್ಲಿ ಇನ್ನೂ ಹತ್ತು ಪುಡಿಗಳು ‘ಸ್ಪಾನ್ಸರ್ಡ್’ ಎಂಬ ಪಟ್ಟಿ ಹೊತ್ತು ನಿಂತಿರುತ್ತವೆ. ಹೂವಿನಾಕೆ ಬಾಗಿಲು ತಟ್ಟುವ ಹೊತ್ತಿಗೆ ಸರಿಯಾಗಿ ಇನ್ನೂ ಹತ್ತು ಜನ ಬುಟ್ಟಿ ಹಿಡಿದು ಅಲ್ಲೇ ನಿಂತಂತೆ. ಆ ಸಾಲಿನಲ್ಲಿ ನಿಮ್ಮ ಹೆಸರು ಮೇಲೆ ಉಳಿಯಬೇಕಾದರೆ ಜಾಹೀರಾತಿನ ಖರ್ಚು ಮತ್ತೆ ತಲೆ ಎತ್ತುತ್ತದೆ.

ಈ ಲೆಕ್ಕ ಎಲ್ಲ ಸರಕಿಗೂ ಹೊಂದುವುದಿಲ್ಲ, ಅದನ್ನು ಒತ್ತಿ ಹೇಳಬೇಕು. ಮೊಬೈಲ್ ಕವರ್, ಬಟ್ಟೆ ಕ್ಲಿಪ್ಪು, ಸ್ಟೀಲ್ ಸ್ಟ್ಯಾಂಡು ಮಾರುವವರಿಗೆ ಎರಡನೇ ಆರ್ಡರ್ ಎಂಬುದೇ ಅಪರೂಪ. ಕೊಳ್ಳುವವರು ಹುಡುಕುವುದು ವಸ್ತುವಿನ ಹೆಸರನ್ನು, ಮಾರುವವರ ಹೆಸರನ್ನಲ್ಲ. ಎಷ್ಟು ಸೊಗಸಾದ ವೆಬ್‌ಸೈಟ್ ಮಾಡಿಸಿದರೂ ಪ್ರತಿ ಆರ್ಡರ್‌ಗೂ ಹೊಸ ಗಿರಾಕಿಯನ್ನೇ ದುಡ್ಡು ಕೊಟ್ಟು ತರಬೇಕು. ಅಂಥವರು ಮಾರ್ಕೆಟ್‌ಪ್ಲೇಸ್‌ನಲ್ಲೇ ಇರಬೇಕು, ವೆಬ್‌ಸೈಟ್‌ಗೆ ಹಾಕುವ ದುಡ್ಡನ್ನು ಸರಕಿಗೆ ಹಾಕಬೇಕು. ನಾಲಿಗೆಗೆ ರುಚಿ ಹತ್ತಿಸುವ ಸರಕು ಬೇರೆ ಜಾತಿಯದು: ಕಾಫಿ ಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ, ಗಾಣದ ಎಣ್ಣೆ, ಬ್ಯಾಡಗಿ ಮೆಣಸಿನಕಾಯಿ ಹಾಕಿದ ಸಾರಿನ ಪುಡಿ. ಇವಕ್ಕೆ ಎರಡನೇ ಆರ್ಡರ್ ತಾನಾಗಿ ಬರುತ್ತದೆ. ಕನ್ನಡ ಪುಸ್ತಕವೂ ಹಾಗೆಯೇ. ಓದುಗರು ಹುಡುಕುವುದು ಲೇಖಕರ ಹೆಸರನ್ನು, ಒಂದು ಪುಸ್ತಕ ಮೆಚ್ಚಿದವರು ಅದೇ ಪ್ರಕಾಶನದ ಮುಂದಿನದಕ್ಕೆ ಕಾಯುತ್ತಾರೆ. ಸಪ್ನ, ನವಕರ್ನಾಟಕದಂಥವರು ತಮ್ಮದೇ ಆನ್‌ಲೈನ್ ಅಂಗಡಿ ಇಟ್ಟುಕೊಂಡಿರುವುದರಲ್ಲಿ ಅರ್ಥವಿದೆ. 150 ರೂಪಾಯಿಯ ಕವನ ಸಂಕಲನ ನಿಗದಿ ಶುಲ್ಕ, ಸಾಗಣೆ ಎರಡನ್ನೂ ಹೊತ್ತರೆ ಲೇಖಕರ ಗೌರವಧನಕ್ಕೆ ಏನೂ ಉಳಿಯದು. ಅದೇ ಓದುಗರು ಪ್ರಕಾಶಕರ ಬಳಿ ನಾಲ್ಕು ಪುಸ್ತಕ ಒಟ್ಟಿಗೆ ತರಿಸಿದರೆ ಅಂಚೆ ಖರ್ಚು ನಾಲ್ಕಕ್ಕೂ ಹಂಚಿಹೋಗುತ್ತದೆ.

ಹೆಸರೇ ಬಂಡವಾಳವಾದ ಸರಕಿಗೆ ಇನ್ನೊಂದು ಅಪಾಯವಿದೆ. ಮೈಸೂರು ರೇಷ್ಮೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ, ಅದರ ಹಕ್ಕು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ್ದು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಆರಂಭವಾದ ಕಾರ್ಖಾನೆಯ ಆ ಸೀರೆಗಾಗಿ ಜನ ಮಳಿಗೆಗಳ ಮುಂದೆ ಸಾಲು ನಿಲ್ಲುತ್ತಾರೆ, ಅಸಲಿ ಸೀರೆಗೆ ಗುರುತಿನ ಸಂಖ್ಯೆಯೂ ಇರುತ್ತದೆ. ಯಾವುದಾದರೂ ಮಾರ್ಕೆಟ್‌ಪ್ಲೇಸ್‌ನಲ್ಲಿ ‘ಮೈಸೂರು ಸಿಲ್ಕ್’ ಎಂದು ಹುಡುಕಿ ನೋಡಿ. ಆ ಎರಡು ಪದಗಳನ್ನು ಹೊತ್ತ, ರೇಷ್ಮೆಯ ಎಳೆಯೇ ಇಲ್ಲದ ಅಗ್ಗದ ಸೀರೆಗಳು ಪುಟಗಟ್ಟಲೆ ಬರುತ್ತವೆ. ಚನ್ನಪಟ್ಟಣದ ಬೊಂಬೆಗೂ ಇದೇ ಪಾಡು. ಹಾಲೆ ಮರವನ್ನು ಕಡೆದು, ತಿರುಗುವ ಮರಕ್ಕೆ ಅರಗಿನ ಬಣ್ಣ ಒತ್ತಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಟ್ಟ ಆಟಿಕೆಯೂ ಯಂತ್ರದಲ್ಲಿ ಎರಕ ಹೊಯ್ದ ಆಟಿಕೆಯೂ ಒಂದೇ ಪರದೆಯಲ್ಲಿ, ಒಂದೇ ಅಳತೆಯ ಚೌಕದಲ್ಲಿ, ಬೆಲೆಯ ಅಂಕಿ ಹೊತ್ತು ಪಕ್ಕಪಕ್ಕ ನಿಲ್ಲುತ್ತವೆ. ಆ ಚೌಕದಲ್ಲಿ ಕೈಕೆಲಸದ ಕಥೆ ಹೇಳಲು ಜಾಗವಿಲ್ಲ. ಕುಶಲಕರ್ಮಿ ತಾನು ಬೊಂಬೆ ಕಡೆಯುವ ಒಂದು ನಿಮಿಷದ ವಿಡಿಯೋವನ್ನು ತನ್ನ ಅಂಗಡಿಯ ಬಾಗಿಲಲ್ಲೇ ಇಡಬಹುದಾದದ್ದು ಸ್ವಂತ ಪುಟದಲ್ಲಿ.

ಕಮಿಷನ್ ಈಗ ಇಳಿಯುತ್ತಿದೆಯಲ್ಲ ಎಂಬ ಆಕ್ಷೇಪ ಬರುತ್ತದೆ. ನಿಜ. ಮೀಶೋ 2021ರಲ್ಲೇ ಶೂನ್ಯ ಕಮಿಷನ್ ಎಂದಿತು, 2025ರಲ್ಲಿ ಅಮೆಜಾನ್ 300 ರೂಪಾಯಿಗಿಂತ ಕಡಿಮೆ ಬೆಲೆಯ ಬಹಳಷ್ಟು ಸರಕಿಗೆ ಕಮಿಷನ್ ತೆಗೆದುಹಾಕಿತು. ಹಾಗಾದರೆ ತಾಣಗಳಿಗೆ ಆದಾಯ ಎಲ್ಲಿಂದ? ಸಾಗಣೆಯಿಂದ, ಜಾಹೀರಾತಿನಿಂದ. ಅಮೆಜಾನ್ ಜಗತ್ತಿನಾದ್ಯಂತ ಜಾಹೀರಾತಿನಿಂದಲೇ 2024ರಲ್ಲಿ ಗಳಿಸಿದ್ದು ಸುಮಾರು 5,600 ಕೋಟಿ ಡಾಲರ್. ಸಂತೆಯಲ್ಲಿ ಸುಂಕ ಇಳಿಸಿ, ಬಾಗಿಲ ಹತ್ತಿರದ ಜಾಗಕ್ಕೆ ಹರಾಜು ಇಟ್ಟಂತೆ ಇದು. ಯಾರು ಬಾಗಿಲಲ್ಲಿ ಕೂರಬೇಕೆಂದು ತೀರ್ಮಾನಿಸುವವರು ಸಂತೆಯ ಯಜಮಾನರೇ. ಹುಡುಕಾಟದಲ್ಲಿ ಸರಕನ್ನು ಮೇಲೆ ಕೆಳಗೆ ಇಡುವ ಮುಖ್ಯ ಮಾನದಂಡಗಳನ್ನು ತಿಳಿಯಾದ ಭಾಷೆಯಲ್ಲಿ ಹೇಳಬೇಕೆಂದು 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳು ಹೇಳಿದರೂ ಆ ವಿವರಣೆ ಓದಿ ಯಾವ ಸಣ್ಣ ಸೆಲ್ಲರ್‌ಗೂ ಮೇಲೇರುವ ದಾರಿ ಗೊತ್ತಾಗದು. ಕೆಲವು ಆಯ್ದ ಮಾರಾಟಗಾರರಿಗೆ ಒತ್ತಾಸೆ ಕೊಡುತ್ತಾರೆಂಬ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2020ರ ಜನವರಿಯಲ್ಲಿ ಅಮೆಜಾನ್, ಫ್ಲಿಪ್‌ಕಾರ್ಟ್ ವಿರುದ್ಧ ತನಿಖೆಗೆ ಆದೇಶಿಸಿತು. ಮರುತಿಂಗಳು ಅದಕ್ಕೆ ತಡೆ ಕೊಟ್ಟಿದ್ದ ಕರ್ನಾಟಕ ಹೈಕೋರ್ಟ್, 2021ರ ಜೂನ್‌ನಲ್ಲಿ ಕಂಪನಿಗಳ ಅರ್ಜಿಯನ್ನು ವಜಾ ಮಾಡಿ ತನಿಖೆಗೆ ದಾರಿ ಬಿಟ್ಟಿತು. ಯೂರೋಪಿನಲ್ಲಿ ಪ್ರಶ್ನೆ ಇನ್ನೂ ಆಳಕ್ಕೆ ಹೋಯಿತು. ಇತರ ಮಾರಾಟಗಾರರ ಬಹಿರಂಗವಲ್ಲದ ಮಾಹಿತಿಯನ್ನು ತನ್ನ ಸ್ವಂತ ವ್ಯಾಪಾರಕ್ಕೆ ಬಳಸುವುದಿಲ್ಲ ಎಂದು ಅಮೆಜಾನ್ ಕೊಟ್ಟ ವಾಗ್ದಾನವನ್ನು ಯೂರೋಪಿಯನ್ ಕಮಿಷನ್ 2022ರ ಡಿಸೆಂಬರ್‌ನಲ್ಲಿ ಕಟ್ಟುಪಾಡಾಗಿಸಿತು. ಯಾವ ಊರಿನಲ್ಲಿ ಯಾವ ಸರಕು ಯಾವ ಬೆಲೆಗೆ ಹೋಗುತ್ತದೆ ಎಂಬ ಅರಿವೇ ವ್ಯಾಪಾರದ ಜೀವ. ಅದಕ್ಕೇ ಈ ಜಗ್ಗಾಟ.

ಸ್ವಂತ ವೆಬ್‌ಸೈಟ್ ಪರ ಮಾತಾಡುವವರು ಅದರ ಕಷ್ಟಗಳನ್ನು ಮುಚ್ಚಿಡುವುದು ತಪ್ಪು. ಮೊದಲ ಕಷ್ಟ, ಮಾರ್ಕೆಟ್‌ಪ್ಲೇಸ್ ಯಜಮಾನರಿಂದ ಬಿಡಿಸಿಕೊಂಡು ಗೂಗಲ್, ಮೆಟಾ ಯಜಮಾನರ ಕೈಗೆ ಬೀಳುವುದು. ಜಾಹೀರಾತು ನಿಲ್ಲಿಸಿದ ದಿನ ಅಂಗಡಿ ಖಾಲಿ. ಇದು ನಿಜವಾದ ಆಕ್ಷೇಪ, ಆದರೆ ಹೊಸ ಗಿರಾಕಿಯ ಮಟ್ಟಿಗೆ ಮಾತ್ರ. ಒಮ್ಮೆ ಬಂದವರ ಫೋನ್ ನಂಬರು ನಿಮ್ಮ ಬಳಿ ಉಳಿಯುತ್ತದೆ, ಮುಂದಿನ ಮಾತುಕತೆಗೆ ಮತ್ತೆ ಜಾಹೀರಾತಿಗೆ ಹಣ ಕಟ್ಟಬೇಕಿಲ್ಲ. ಎರಡನೆಯದು, ಸೆಲ್ಲರ್‌ಗಳೆಲ್ಲ ‘ಆರ್‌ಟಿಒ’ (ರಿಟರ್ನ್ ಟು ಒರಿಜಿನ್) ಎಂದು ಕರೆದು ಹೆದರುವ ಕಾಟ. ನಗದಿಗೆ ಕಳಿಸಿದ ಪಾರ್ಸೆಲ್ಲನ್ನು ಬಾಗಿಲಲ್ಲಿ ‘ಬೇಡ’ ಎಂದರೆ ಹೋಗುವ ಬರುವ ಎರಡೂ ಖರ್ಚು ನಿಮ್ಮ ತಲೆಗೆ. ನೂರರಲ್ಲಿ ಇಪ್ಪತ್ತು ಹೀಗೆ ವಾಪಸಾದರೆ ಮೇಲಿನ ಲೆಕ್ಕವೆಲ್ಲ ಉಲ್ಟಾ. ಹಾಗಾಗಿ ಸ್ವಂತ ಅಂಗಡಿಯಲ್ಲಿ ನಗದು ವ್ಯವಹಾರ ಇಡಲೇಬಾರದು ಎನ್ನುವವನು ನಾನು. 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಗಳಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ, ತರಕಾರಿ ಗಾಡಿಯಲ್ಲೇ ಸ್ಕ್ಯಾನ್ ಮಾಡುವ ಜನ ನಂಬಿದ ಹೆಸರಿಗೆ ಮುಂಗಡ ಕೊಡುತ್ತಾರೆ. ಮೂರನೆಯದು, ತೂಕ. ಕೊರಿಯರ್‌ನವರು ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. ತಕ್ಕಡಿಯ ತೂಕ, ಈ ಲೆಕ್ಕದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. 800 ಗ್ರಾಂನ ಮರದ ಬಂಡಿಯನ್ನು 30, 25, 20 ಸೆಂಟಿಮೀಟರಿನ ಡಬ್ಬದಲ್ಲಿ ಹಾಕಿದರೆ ಅದು ಮೂರು ಕಿಲೋ ಆಗಿಬಿಡುತ್ತದೆ. ಚಕ್ರ ಬಿಚ್ಚಿ ಜೋಡಿಸುವಂತೆ ಮಾಡಿ ಡಬ್ಬದ ಎತ್ತರವನ್ನು 10ಕ್ಕೆ ಇಳಿಸಿದರೆ ಒಂದೂವರೆ ಕಿಲೋ. ವೆಬ್‌ಸೈಟಿನ ಬಣ್ಣ ಯಾವುದಿರಲಿ ಎಂದು ವಾರಗಟ್ಟಲೆ ಚರ್ಚಿಸುವ ಬದಲು ಡಬ್ಬದ ಅಳತೆಗೆ ಒಂದು ದಿನ ಕೊಟ್ಟರೆ ಹೆಚ್ಚು ಉಳಿಯುತ್ತದೆ.

ಕಾನೂನಿನ ಹೊರೆಯೂ ಇದೆ. ದೂರು ಬಂದರೆ 48 ಗಂಟೆಯೊಳಗೆ ಸ್ವೀಕೃತಿ ತಿಳಿಸಿ ಒಂದು ತಿಂಗಳಲ್ಲಿ ಪರಿಹರಿಸಬೇಕು. ಗಿರಾಕಿಗಳ ಪಟ್ಟಿ ಇಟ್ಟುಕೊಂಡವರು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯನ್ನು ಮರೆಯುವಂತಿಲ್ಲ, ಒಪ್ಪಿಗೆಯಿಲ್ಲದೆ ಸಂದೇಶ ಸುರಿಯುವಂತಿಲ್ಲ. ಜಿಎಸ್‌ಟಿಯಲ್ಲಿ ಎರಡೂ ದಾರಿಗೆ ದೊಡ್ಡ ವ್ಯತ್ಯಾಸ ಉಳಿದಿಲ್ಲ. ಸಣ್ಣ ವಹಿವಾಟಿನವರು ರಾಜ್ಯದೊಳಗೆ ಮಾರ್ಕೆಟ್‌ಪ್ಲೇಸ್ ಮೂಲಕ ಮಾರಲು 2023ರ ಅಕ್ಟೋಬರ್‌ನಿಂದ ನೋಂದಣಿ ಕಡ್ಡಾಯವಲ್ಲ, ಕಾಫಿ ಪುಡಿಯಂಥ ಸರಕನ್ನು ಹೊರರಾಜ್ಯಕ್ಕೆ ಕಳಿಸುವುದಾದರೆ ಎರಡರಲ್ಲೂ ಬೇಕು.

ಹಾಗಾದರೆ ಮಾರ್ಕೆಟ್‌ಪ್ಲೇಸ್ ಬಿಟ್ಟೇ ಹೊರಡುವುದೇ? ನೈಕಿ ಕಂಪನಿ ಅದನ್ನು ಮಾಡಿ ನೋಡಿತು. 2019ರಲ್ಲಿ ಅಮೆಜಾನ್‌ಗೆ ನೇರವಾಗಿ ಸರಕು ಕೊಡುವುದನ್ನು ನಿಲ್ಲಿಸಿ ಸ್ವಂತ ಮಳಿಗೆ, ಆ್ಯಪ್‌ಗಳ ಕಡೆ ತಿರುಗಿತು. 2025ರಲ್ಲಿ ಅಮೆರಿಕದಲ್ಲಿ ಮತ್ತೆ ಅಮೆಜಾನ್‌ಗೆ ಮರಳಿತು. ನಡುವಿನ ವರ್ಷಗಳಲ್ಲಿ ನೈಕಿ ಬೂಟುಗಳೇನೂ ಅಲ್ಲಿಂದ ಮಾಯವಾಗಿರಲಿಲ್ಲ, ಬೇರೆ ಮಾರಾಟಗಾರರು ಮಾರುತ್ತಲೇ ಇದ್ದರು. ಜಗತ್ತಿಗೇ ಗೊತ್ತಿರುವ ಹೆಸರಿಗೇ ಸಂತೆ ಬಿಟ್ಟು ಇರಲಾಗಲಿಲ್ಲ ಎಂದು ನನ್ನ ವಾದಕ್ಕೆ ಎದುರಾಗಿ ಇದನ್ನು ಹೇಳಬಹುದು. ನನಗೆ ಕಾಣುವ ಅರ್ಥ ಬೇರೆ. ಸಂತೆಯಲ್ಲಿ ನಿಮ್ಮ ಹೆಸರಿನ ಒಂದು ಚಾಪೆ ಹಾಸಿರಬೇಕು, ಇಲ್ಲದಿದ್ದರೆ ಆ ಹೆಸರಿನಲ್ಲಿ ಬೇರೆಯವರು ಹಾಸುತ್ತಾರೆ. ಆದರೆ ಆ ಚಾಪೆಯ ಮೇಲೆ ಮಳಿಗೆಯ ಎಲ್ಲ ಸರಕನ್ನೂ ಸುರಿಯಬೇಕಿಲ್ಲ. ಕಾಫಿಯವರು 200 ಗ್ರಾಂನ ರುಚಿ ನೋಡುವ ಪೊಟ್ಟಣವನ್ನು ಅಲ್ಲಿ ಇಡಲಿ, ಒಂದೊಂದೇ ತೋಟದ ಬೀಜವನ್ನು ಆ ವಾರವೇ ಹುರಿದು, ಚಿಕೋರಿಯ ಪಾಲನ್ನು ಗಿರಾಕಿ ಕೇಳಿದಂತೆ ಬೆರೆಸಿ ಕಳಿಸುವ ಕೆಲಸವನ್ನು ಸ್ವಂತ ಅಂಗಡಿಗೆ ಉಳಿಸಿಕೊಳ್ಳಲಿ. ಎಂಬತ್ತಕ್ಕೆ ಇಪ್ಪತ್ತೋ ತೊಂಬತ್ತಕ್ಕೆ ಹತ್ತೋ ಎಂದು ಕೇಳಿ ಬೆರೆಸುವ ಸೌಲಭ್ಯ ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂರುವ ಪೊಟ್ಟಣಕ್ಕೆ ಇಲ್ಲ.

ಸರ್ಕಾರದ ಬೆಂಬಲದಿಂದ ಬಂದ ಒಎನ್‌ಡಿಸಿ ಜಾಲ ಮೂರನೇ ದಾರಿಯಾದೀತೆಂಬ ನಿರೀಕ್ಷೆ ಇತ್ತು. 2022ರಲ್ಲಿ ಪ್ರಾಯೋಗಿಕವಾಗಿ ಶುರುವಾದ ಐದು ನಗರಗಳಲ್ಲಿ ಬೆಂಗಳೂರೂ ಒಂದು. ಕೊಳ್ಳುವವರ ಆ್ಯಪ್ ಬೇರೆ, ಮಾರುವವರ ಆ್ಯಪ್ ಬೇರೆ, ಯಾವುದರಿಂದಲೂ ಯಾವುದಕ್ಕೂ ವ್ಯವಹರಿಸಬಹುದೆಂಬ ಆಲೋಚನೆ ಒಳ್ಳೆಯದು, ಒಬ್ಬರ ಹಿಡಿತವನ್ನು ಅದು ಸಡಿಲಿಸುತ್ತದೆ. ಆದರೆ ವರ್ತನೆಯ ಪ್ರಶ್ನೆ ಅಲ್ಲೂ ಬಗೆಹರಿಯುವುದಿಲ್ಲ, ಗಿರಾಕಿಗೆ ನೆನಪಿರುವುದು ತಾನು ಬಳಸಿದ ಕೊಳ್ಳುವ ಆ್ಯಪ್ ಹೆಸರೇ. ಇದಕ್ಕಿಂತ ಹತ್ತಿರದ ದಾರಿ ಎಲ್ಲರ ಕೈಯಲ್ಲೇ ಇದೆ. ತಿಂಗಳಿಗೆ ಮೂವತ್ತು ನಲವತ್ತು ಆರ್ಡರ್ ಇರುವ ಮನೆಯ ಉದ್ಯಮಕ್ಕೆ ವೆಬ್‌ಸೈಟ್ ಇನ್ನೂ ಬೇಡ. ವಾಟ್ಸ್‌ಆ್ಯಪ್‌ನಲ್ಲಿ ಸರಕಿನ ಪಟ್ಟಿ, ಯುಪಿಐ ಸಂಖ್ಯೆ, ಹತ್ತಿರದ ಅಂಚೆ ಕಚೇರಿ ಸಾಕು. ಆ ಪಟ್ಟಿಯೇ ವರ್ತನೆಯ ಪುಸ್ತಕ. ಸಂದೇಶಗಳಿಗೆ ಉತ್ತರಿಸುವುದೇ ಅರ್ಧ ದಿನದ ಕೆಲಸವಾದಾಗ ವೆಬ್‌ಸೈಟ್ ಮಾಡಿಸಬೇಕು. ಆಗ ಡೊಮೇನ್ ಹೆಸರು ಮಾಡಿಕೊಟ್ಟವರ ಖಾತೆಯಲ್ಲಿರದೆ ನಿಮ್ಮ ಸ್ವಂತ ಇಮೇಲ್‌ನಲ್ಲಿ ನೋಂದಣಿಯಾಗಿದೆಯೇ ಎಂದು ಮೊದಲ ದಿನವೇ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಬಾಡಿಗೆ ತಪ್ಪಿಸಲು ಕಟ್ಟಿದ ಮನೆಯ ಪತ್ರ ಮೇಸ್ತ್ರಿ ಹೆಸರಿನಲ್ಲಿ ಉಳಿಯುತ್ತದೆ.

ಉಳಿದದ್ದು, ಸಂತೆಯಲ್ಲಿ ಸಿಕ್ಕ ಗಿರಾಕಿ ನಿಮ್ಮ ಅಂಗಡಿಯ ಬಾಗಿಲನ್ನು ಕಂಡುಕೊಳ್ಳುವುದು ಹೇಗೆ ಎಂಬುದು. ಡಬ್ಬದೊಳಗೆ ಚೀಟಿ ಹಾಕುವಂತಿಲ್ಲ, ನಂಬರು ಸಿಗುವುದಿಲ್ಲ. ಆದರೆ ಪೊಟ್ಟಣದ ಮೇಲಿನ ಲೇಬಲ್ ನಿಮ್ಮದು. 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳ ಪ್ರಕಾರ ತಯಾರಿಸಿದವರ ಹೆಸರು, ವಿಳಾಸ, ದೂರಿಗೆ ಫೋನ್ ನಂಬರು, ಇಮೇಲ್ ಅದರ ಮೇಲೆ ಇರಲೇಬೇಕು. ಬಹುತೇಕರು ಇದನ್ನು ಶಾಸ್ತ್ರಕ್ಕೆಂದು ಪೊಟ್ಟಣದ ಬೆನ್ನಿನ ಮಡಿಕೆಯಲ್ಲಿ, ಓದಲಾಗದ ಅಕ್ಷರದಲ್ಲಿ ಅಚ್ಚು ಹಾಕಿಸುತ್ತಾರೆ. ಕಾಫಿ ಪುಡಿಯ ಪೊಟ್ಟಣ ಒಂದು ತಿಂಗಳು ಅಡುಗೆಮನೆಯ ಕಟ್ಟೆಯ ಮೇಲೆ ಇರುತ್ತದೆ, ದಿನಕ್ಕೆರಡು ಸಲ ಕೈಗೆ ಬರುತ್ತದೆ. ಊರಿನ ಹೆಸರು, ಹುರಿದ ದಿನಾಂಕ, ಫೋನ್ ನಂಬರು ಮುಂಬದಿಯಲ್ಲೇ, ಕನ್ನಡದಲ್ಲಿ, ಕನ್ನಡಕವಿಲ್ಲದೆ ಕಾಣುವಷ್ಟು ದೊಡ್ಡದಾಗಿ ಇದ್ದರೆ, ಚಮಚ ತಳಕ್ಕೆ ತಾಗಿದ ದಿನ ಆ ನಂಬರಿಗೆ ಒಂದು ಕರೆ ಬರುತ್ತದೆ.